ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ನೆರವು: ಯಾರಿಗೆ ಯಾವುದು ಸರಿ?

"ಅಮ್ಮನಿಗೆ ಲಕ್ವ ಹೊಡೆದಿದೆ. ಹೋಮ್ ನರ್ಸ್ ಇಟ್ಟುಕೊಳ್ಳಲಾ, ನಾನೇ ಕೆಲಸ ಬಿಡಲಾ?" "ಮಾವನವರಿಗೆ ಮರೆವಿನ ಕಾಯಿಲೆ. ಡೇ ಕೇರ್‌ಗೆ ಬಿಡೋಣ ಅಂದರೆ ನಾದಿನಿ ಒಪ್ಪುತ್ತಿಲ್ಲ." "ತಮ್ಮನಿಗೆ ಸ್ಕಿಜೋಫ್ರೇನಿಯಾ. ಅಪ್ಪನಿಗೆ ವಯಸ್ಸಾಯಿತು. ಯಾವ ಸಂಸ್ಥೆಗೆ ಹೋಗಿ ಕೇಳಬೇಕು?" ಇಂಥ ಪ್ರಶ್ನೆಗಳು ನನಗೆ ಆಗಾಗ ಬರುತ್ತವೆ. ಕೇಳುವವರು ಬಹುಪಾಲು ಮಗಳೋ ಸೊಸೆಯೋ ಹೆಂಡತಿಯೋ ಆಗಿರುತ್ತಾರೆ. ಕೇಳುವ ಹೊತ್ತಿಗೆ ಸಾಕಷ್ಟು ಸುಸ್ತಾಗಿರುತ್ತಾರೆ.

ಉತ್ತರ ಮನೆಯಿಂದ ಮನೆಗೆ ಬೇರೆ. ಆದರೆ ಆರಿಸಿಕೊಳ್ಳುವ ದಾರಿ ಒಂದಿದೆ. ನಮ್ಮ ಆಸ್ಪತ್ರೆ, ಸಂಸ್ಥೆಗಳ ಫೈಲಿನಲ್ಲಿ ಇರುವುದು ರೋಗಿಯ ಹೆಸರು. ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವವರ ಹೆಸರು ಅಲ್ಲಿ ಇರುವುದಿಲ್ಲ. ಹಾಗಾಗಿ ಇಲ್ಲಿ ನಾನು ಪ್ರತಿ ಸೇವೆಯನ್ನೂ ಇನ್ನೊಂದು ಕಡೆಯಿಂದ ನೋಡುತ್ತೇನೆ: ಇದನ್ನು ತೆಗೆದುಕೊಂಡರೆ ನೋಡಿಕೊಳ್ಳುವವರ ತಲೆಯ ಮೇಲಿಂದ ಏನು ಇಳಿಯುತ್ತದೆ?

ಮೊದಲು ಏನು ಸಾಲುತ್ತಿಲ್ಲ ಅಂತ ನೋಡಿ

ಕಷ್ಟ ಎಲ್ಲ ಸೇರಿ ಒಂದೇ ಗಂಟಾಗಿ ಕಾಣುತ್ತದೆ. ಬಿಚ್ಚಿ ನೋಡಿದರೆ ಐದರಲ್ಲಿ ಒಂದೋ ಎರಡೋ ಸಾಲದೇ ಬಂದಿರುತ್ತದೆ. ಕೆಲವರಿಗೆ ಸಾಲದಿರುವುದು ಕೈ. ಎತ್ತಿ ಕೂರಿಸಲು, ಸ್ನಾನ ಮಾಡಿಸಲು ಇನ್ನೊಬ್ಬರು ಬೇಕು. ಕೆಲವರಿಗೆ ಕೆಲಸ ಗೊತ್ತು, ಶಕ್ತಿಯೂ ಇದೆ, ಆದರೆ ಬಿಡುವು ಇಲ್ಲ. ಒಂದು ಮದುವೆಗೆ ಹೋಗಿ ಯಾವ ಕಾಲವಾಯಿತೋ. ಕೆಲವರಿಗೆ ತಿಳಿವಳಿಕೆ ಬೇಕು: ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವುದು ಹೇಗೆ, ಸಂಜೆಯಾದರೆ ಮಾವನವರು ಇದ್ದ ಮನೆಯಲ್ಲೇ ಕೂತು "ಮನೆಗೆ ಹೋಗೋಣ" ಅಂತ ಯಾಕೆ ಹಟ ಹಿಡಿಯುತ್ತಾರೆ. ಕೆಲವರಿಗೆ ದುಡ್ಡು. ಇನ್ನು ಕೆಲವರಿಗೆ ಬೇಕಿರುವುದು ಮಾತಿಗೆ ಒಬ್ಬರು. "ನನಗೂ ಹಾಗೇ ಕೋಪ ಬರುತ್ತೆ ಕಣ್ರೀ" ಅನ್ನುವವರು.

ಇದನ್ನು ನೋಡದೇ ಹೊರಟರೆ ಹಣ ಸುಮ್ನೆ ಹೋಗುತ್ತದೆ. ಬಿಡುವು ಬೇಕಾದವರು ತಿಂಗಳಿಡೀ ಹೋಮ್ ನರ್ಸ್ ಇಟ್ಟು, ಆಮೇಲೆ ಆಕೆಯ ಊಟ, ತಿಂಡಿ, ಜಗಳ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ. ತಿಳಿವಳಿಕೆ ಬೇಕಾದವರು ವೃದ್ಧಾಶ್ರಮ ಹುಡುಕುತ್ತಾರೆ.

ಇದರ ಜೊತೆಗೆ ಇನ್ನು ನಾಲ್ಕು ವಿಷಯ ನೋಡಿ. ದೂರ ಎಷ್ಟು? ಒಟ್ಟು ಖರ್ಚು ಎಷ್ಟು, ಅಂದರೆ ಆಟೊ, ಡಯಾಪರ್, ಡಿಪಾಸಿಟ್ ಸೇರಿಸಿ? ನಿಮ್ಮವರ ಸ್ಥಿತಿಯವರನ್ನು ಅವರು ತೆಗೆದುಕೊಳ್ಳುತ್ತಾರಾ? ನಾಳೆ ಅದು ನಿಂತರೆ ಬದಲಿ ಏನು? ಭಾಷೆಯನ್ನೂ ಮರೆಯಬೇಡಿ. ಮರೆವು ಬಂದವರು ಆಮೇಲೆ ಕಲಿತ ಭಾಷೆಗಳನ್ನು ಬಿಟ್ಟು ತಾಯಿಮಾತಿಗೇ ಮರಳುವುದು ಸಾಮಾನ್ಯ. ತುಳು ಮಾತ್ರ ಬರುವ ಅಜ್ಜಿಯ ಹತ್ತಿರ ಹಿಂದಿ ಮಾತ್ರ ಬರುವ ಹುಡುಗಿಯನ್ನು ಬಿಟ್ಟರೆ ಇಬ್ಬರೂ ಕಂಗಾಲು.

ಹೋಮ್ ನರ್ಸ್: ಏಜೆನ್ಸಿಯಿಂದಲೋ, ಬೀದಿಯ ಪರಿಚಯದವರೋ?

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಏಜೆನ್ಸಿಯವರು "ಹೋಮ್ ನರ್ಸ್" ಅಂತ ಕಳಿಸುವ ಬಹಳಷ್ಟು ಜನ ನರ್ಸಿಂಗ್ ಓದಿದವರಲ್ಲ. ಸ್ನಾನ, ಊಟ, ಡಯಾಪರ್, ನಡೆಸುವುದು, ಇಷ್ಟಕ್ಕೆ ಓದು ಬೇಕಾಗಿಯೂ ಇಲ್ಲ. ಆದರೆ ಮೂತ್ರದ ಕ್ಯಾಥೆಟರ್ ಬದಲಿಸುವುದು, ಮೂಗಿನ ನಳಿಕೆ (ರೈಲ್ಸ್ ಟ್ಯೂಬ್) ಹಾಕುವುದು, ಕುತ್ತಿಗೆಯ ರಂಧ್ರದಿಂದ ಕಫ ಎಳೆಯುವುದು, ಇಂಜೆಕ್ಷನ್ ಕೊಡುವುದು, ಇವಕ್ಕೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವವರೇ ಬೇಕು. ಬರೀ ಸ್ನಾನ, ಊಟ ಸಾಕಾದವರಿಗೆ ಓದಿದ ನರ್ಸ್ ಇಟ್ಟು ದುಪ್ಪಟ್ಟು ಕೊಡುವ ಮನೆಗಳನ್ನು ನೋಡಿದ್ದೇನೆ. ಉಲ್ಟಾ ನೋಡಿದಾಗ ಮಾತ್ರ ಹೆದರಿಕೆಯಾಗುತ್ತದೆ. ಹೆಚ್ಚಿನ ಮನೆಗಳಿಗೆ ಸರಿಹೋಗುವುದು ನಡುವಿನ ದಾರಿ: ದಿನದ ಕೆಲಸಕ್ಕೆ ಒಬ್ಬರು, ಬೇಕಾದಾಗ ಮಾತ್ರ ಮನೆಗೆ ಬಂದು ಹೋಗುವ ನರ್ಸ್.

ಬೆಂಗಳೂರಿನಲ್ಲಿ ಮನೆಯಲ್ಲೇ ಉಳಿಯುವ ಸಹಾಯಕಿಗೆ ಏಜೆನ್ಸಿಯ ಮೂಲಕ ತಿಂಗಳಿಗೆ ಸುಮಾರು 20,000ದಿಂದ 35,000 ರೂಪಾಯಿ ಆಗುತ್ತದೆ. ಊಟ, ವಸತಿ ನಿಮ್ಮದು. ಇದರ ಮೇಲೆ ನೋಂದಣಿ ಶುಲ್ಕವೋ ಮುಂಗಡವೋ ಇರುತ್ತದೆ. ಅದರಲ್ಲಿ ವಾಪಸ್ ಬರುವುದೆಷ್ಟು ಅಂತ ಬರಹದಲ್ಲಿ ಕೇಳಿ. ಆಕೆಯ ಕೈಗೆ ಎಷ್ಟು ಹೋಗುತ್ತದೆ ಅಂತಲೂ ಕೇಳಿ. ಆ ಮೊತ್ತ ತೀರಾ ಕಮ್ಮಿ ಇದ್ದರೆ ಆಕೆ ನಿಲ್ಲುವುದಿಲ್ಲ. ಅವಳನ್ನು ತಪ್ಪು ಅನ್ನುವಂತೆಯೂ ಇಲ್ಲ.

"24 ಗಂಟೆ" ಅನ್ನುವ ಮಾತಿಗೆ ಮೋಸ ಹೋಗಬೇಡಿ. 24 ಗಂಟೆ ಇರುವವರೂ ರಾತ್ರಿ ಮಲಗಲೇಬೇಕು. ನಿಮ್ಮವರು ರಾತ್ರಿ ಪದೇ ಪದೇ ಏಳುವವರಾದರೆ ಒಬ್ಬರಿಂದ ಆಗದ ಕೆಲಸ ಅದು. ಒಂದೋ ಎರಡು ಪಾಳಿ ಬೇಕು, ಇಲ್ಲಾ ರಾತ್ರಿ ಪಾಳಿಗಷ್ಟೇ ಒಬ್ಬರನ್ನು ಇಟ್ಟು ಹಗಲು ನೀವು ನೋಡಿಕೊಳ್ಳಬೇಕು. ಎರಡನೆಯದು ಅಗ್ಗ. ರಾತ್ರಿ ನಿದ್ದೆ ಸಿಕ್ಕಿದರೆ ಹಗಲು ಹೇಗೋ ನಿಭಾಯಿಸಬಹುದು ಅನ್ನುವವರೇ ಜಾಸ್ತಿ.

ಏಜೆನ್ಸಿಯ ದೊಡ್ಡ ಲಾಭ ಬದಲಿ ವ್ಯಕ್ತಿ. ಕನಿಷ್ಠ ಕಾಗದದ ಮೇಲೆ. ನಮ್ಮ ಮನೆಗೆ ಒಂದು ಏಜೆನ್ಸಿಯಿಂದ ಬಂದಿದ್ದವರು ದೀಪಾವಳಿಗೆ ಅಂತ ಊರಿಗೆ ಹೋದವರು ವಾಪಸ್ ಬರಲೇ ಇಲ್ಲ. ಏಜೆನ್ಸಿ "ನಾಳೆ, ನಾಳಿದ್ದು" ಅನ್ನುತ್ತಲೇ ಇತ್ತು. ಅಷ್ಟರಲ್ಲಿ ಅತ್ತೆಯವರ ಸೊಂಟದ ಹತ್ತಿರ ಹಾಸಿಗೆ ಹುಣ್ಣು ಶುರುವಾಗಿತ್ತು. ಹಾಗಾಗಿ ಎಷ್ಟು ಗಂಟೆಯೊಳಗೆ ಬದಲಿ ಕೊಡುತ್ತಾರೆ, ಕೊಡದಿದ್ದರೆ ಆ ದಿನಗಳ ಹಣ ಕಡಿತ ಮಾಡುತ್ತಾರಾ ಅನ್ನುವುದನ್ನು ಕೇಳದೇ ಸಹಿ ಹಾಕಬೇಡಿ. ಪೊಲೀಸ್ ಪರಿಶೀಲನೆ ಆಗಿದೆ ಅಂದರೆ ಪ್ರತಿ ತೋರಿಸಲು ಹೇಳಿ. ಸೇವಾ ಸಿಂಧು ಮೂಲಕ ನೀವೇ ಅರ್ಜಿ ಹಾಕಿಯೂ ಮಾಡಿಸಬಹುದು.

ಪರಿಚಯದವರನ್ನು ಇಟ್ಟುಕೊಂಡರೆ ಖರ್ಚು ಕಮ್ಮಿ, ಭಾಷೆ ಒಂದೇ, ನಂಬಿಕೆಯೂ ಇರುತ್ತದೆ. ಬದಲಿ ಇರುವುದಿಲ್ಲ, ಕಲಿಸುವ ಕೆಲಸವೂ ನಿಮ್ಮದೇ. ಆದರೂ ದಾವಣಗೆರೆ, ಶಿರಸಿ, ಹಾಸನದಂಥ ಊರುಗಳಲ್ಲಿ ನಾನು ಇದನ್ನೇ ಮೊದಲು ಹೇಳುತ್ತೇನೆ. ಇಡೀ ದಿನ ಬೇಡ. ಬೆಳಗ್ಗೆ ಮೂರು-ನಾಲ್ಕು ಗಂಟೆ ಸಾಕು. ಹಾಸಿಗೆ ಹಿಡಿದವರ ಮನೆಯಲ್ಲಿ ಸೊಂಟ ಮುರಿಯುವ ಕೆಲಸವೆಲ್ಲ ಆ ಹೊತ್ತಿನಲ್ಲೇ ಇರುತ್ತದೆ: ಒರೆಸುವುದು, ಬಟ್ಟೆ ಬದಲಿಸುವುದು, ಹಾಸಿಗೆ ಬದಲಿಸುವುದು, ತಿಂಡಿ ತಿನ್ನಿಸುವುದು. ಮನೆಯ ಅಡುಗೆ, ಪಾತ್ರೆ ಆಕೆಯ ಕೆಲಸ ಅಲ್ಲ ಅಂತ ಮೊದಲ ದಿನವೇ ಮನೆಯವರೆಲ್ಲರಿಗೂ ಹೇಳಿಬಿಡಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಹೋಮ್ ನರ್ಸ್ ಕೊಡುವುದು ಕೈ, ಸ್ವಲ್ಪ ಬಿಡುವು. ತಿಳಿವಳಿಕೆಯನ್ನೂ ಮಾತನ್ನೂ ಅಲ್ಲಿ ಹುಡುಕಬೇಡಿ.

ಡೇ ಕೇರ್

ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವ ಕೇಂದ್ರಗಳು. ನಡೆದಾಡುವ, ಕೂರುವ ಸ್ಥಿತಿಯಲ್ಲಿ ಇರುವವರಿಗೆ ಮಾತ್ರ. ಹಾಸಿಗೆ ಹಿಡಿದವರಿಗೆ ಅಲ್ಲ.

ಮರೆವಿನ ಕಾಯಿಲೆಗೆ ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಿಂದ ಕೇಂದ್ರ ನಡೆಸುತ್ತಿದೆ. ಮಾನಸಿಕ ಕಾಯಿಲೆಗೆ ರಿಚ್ಮಂಡ್ ಫೆಲೋಶಿಪ್ ಸೊಸೈಟಿ 1986ರಿಂದ ಬೆಂಗಳೂರಿನಲ್ಲಿ ಇದೆ. ಡೇ ಕೇರ್ ಜೊತೆಗೆ, ಆಸ್ಪತ್ರೆಯಿಂದ ಬಂದವರು ಕೆಲಕಾಲ ಉಳಿದು ದಿನಚರಿ ರೂಢಿಸಿಕೊಳ್ಳುವ ಮನೆಗಳೂ ಅವರಲ್ಲಿವೆ. ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆಯ ನೆರವಿನಿಂದ ಸಂಸ್ಥೆಗಳು ನಡೆಸುವ "ಮಾನಸಧಾರ" ಕೇಂದ್ರಗಳಿವೆ. ಇವುಗಳ ಬಗ್ಗೆ ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿದರೆ ನಿಮ್ಮ ಜಿಲ್ಲೆಯದು ಎಲ್ಲಿದೆ ಅಂತ ಹೇಳುತ್ತಾರೆ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥವು ಇವೆ. ಅಲ್ಲಿ ತಂದೆತಾಯಂದಿರಿಗೆ ನಿಜವಾದ ತೊಂದರೆ ಶುರುವಾಗುವುದು ಮಗುವಿಗೆ 18 ತುಂಬಿದ ಮೇಲೆ. ಶಾಲೆ ಮುಗಿಯುತ್ತದೆ, ಮುಂದೆ ಇಡೀ ದಿನ ಮನೆ. ಹಾಗಾಗಿ 15-16ನೇ ವಯಸ್ಸಿನಲ್ಲೇ ದೊಡ್ಡವರ ಡೇ ಕೇರ್, ಕಸುಬು ಕಲಿಸುವ ಕೇಂದ್ರಗಳನ್ನು ಹೋಗಿ ನೋಡಲು ಶುರುಮಾಡಿ.

ಡೇ ಕೇರ್ ಸರಿಯೋ ಅಲ್ಲವೋ ಅನ್ನುವುದನ್ನು ಬಹಳ ಸಲ ತೀರ್ಮಾನಿಸುವುದು ವಾಹನ. ಕೇಂದ್ರದ ಗಾಡಿ ಮನೆ ಬಾಗಿಲಿಗೆ ಬರುತ್ತದಾ? ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಸಂಜೆ ಮತ್ತೆ ಅಷ್ಟೇ ಅಂದರೆ ನಿಮಗೆ ಸಿಕ್ಕ ಬಿಡುವೆಲ್ಲ ರಸ್ತೆಯಲ್ಲೇ ಹೋಯಿತು. ಹತ್ತಿರದ ಸಾಧಾರಣ ಕೇಂದ್ರ, ದೂರದ ಹೆಸರುವಾಸಿ ಕೇಂದ್ರ ಅಂತ ಎರಡಿದ್ದರೆ ನಾನು ಹತ್ತಿರದ್ದನ್ನೇ ಆರಿಸುತ್ತೇನೆ.

ಒಪ್ಪದ ನಾದಿನಿಯ ವಿಷಯ. ಅವರನ್ನು ಒಂದು ದಿನ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಒಂದು ಶನಿವಾರ, ಭಾನುವಾರ ಅಪ್ಪನನ್ನು ಅವರ ಕೈಯಲ್ಲೇ ಬಿಟ್ಟು ಬನ್ನಿ. ವಾದ ಮಾಡುವುದಕ್ಕಿಂತ ಇದು ಸುಲಭ. ಹೊಸದಾಗಿ ಹೋಗುವವರು ಮೊದಲ ವಾರಗಳಲ್ಲಿ ಹಟ ಮಾಡುವುದು ಮಾಮೂಲು. ಅದನ್ನು ನೋಡಿ ಮೂರನೇ ದಿನಕ್ಕೇ ನಿಲ್ಲಿಸಿಬಿಡಬೇಡಿ.

ಕೆಲವು ದಿನಕ್ಕೆ ಬಿಡುವುದು, ಪೂರ್ತಿ ಬಿಡುವುದು

ನಿಮಗೇ ಆಪರೇಷನ್ ಆಗಬೇಕು, ಮಗಳ ಹೆರಿಗೆ ಇದೆ, ಅಥವಾ ಇನ್ನು ಒಂದು ದಿನವೂ ಆಗಲ್ಲ ಅನ್ನಿಸಿದೆ. ಆಗ ಬೇಕಾಗುವುದು ಒಂದೆರಡು ವಾರದ ವಾಸ, ಅಂದರೆ ರೆಸ್ಪೈಟ್ ಕೇರ್. ಕೆಲವು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಕೇಂದ್ರಗಳಲ್ಲೂ ಹಾಸ್ಪೈಸ್‌ಗಳಲ್ಲೂ, ಅಂದರೆ ಕಾಯಿಲೆ ಕೊನೆಯ ಹಂತಕ್ಕೆ ಬಂದವರನ್ನು ನೋಡಿಕೊಳ್ಳುವ ಕಡೆಗಳಲ್ಲೂ, ಇದು ಸಿಗುತ್ತದೆ. ಉಡುಪಿ ಕಡೆಯವರಿಗೆ ಮಣಿಪಾಲ್ ಹಾಸ್ಪೈಸ್ ಅಂಡ್ ರೆಸ್ಪೈಟ್ ಸೆಂಟರ್ ಇದೆ. ಸಾಮಾನ್ಯ ವೃದ್ಧಾಶ್ರಮಗಳು ಹೆಚ್ಚಾಗಿ ತಮ್ಮ ಕೆಲಸ ತಾವು ಮಾಡಿಕೊಳ್ಳುವವರನ್ನಷ್ಟೇ ತೆಗೆದುಕೊಳ್ಳುತ್ತವೆ. ಹಾಸಿಗೆ ಹಿಡಿದವರು, ಮನೆ ಬಿಟ್ಟು ಎದ್ದು ಹೋಗುವವರು ಅಂದ ಕೂಡಲೇ "ಜಾಗ ಇಲ್ಲ" ಅನ್ನುತ್ತಾರೆ. ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ. ಈಗಲೇ ಹೋಗಿ ನೋಡಿ, ದಾಖಲೆ ಕೊಟ್ಟು ಮಾತಾಡಿ ಇಟ್ಟಿರಿ.

ಪೂರ್ತಿ ಬಿಡುವ ಯೋಚನೆ ಇದ್ದರೆ, ತೋರಿಸಲು ಅವರು ಕರೆಯುವುದು ಬೆಳಗ್ಗೆ ಹನ್ನೊಂದಕ್ಕೆ. ನೀವು ಹೋಗಬೇಕಾದದ್ದು ಸಂಜೆ ಏಳರ ಮೇಲೆ. ಆಗ ಎಷ್ಟು ಜನ ಕೆಲಸದವರು ಇದ್ದಾರೆ, ವಾಸನೆ ಹೇಗಿದೆ, ಯಾರನ್ನಾದರೂ ಮಂಚಕ್ಕೆ ಕಟ್ಟಿದ್ದಾರಾ ನೋಡಿ. ಆರೋಗ್ಯ ಕೆಟ್ಟರೆ ಯಾವ ಆಸ್ಪತ್ರೆಗೆ, ಯಾರ ಖರ್ಚಿನಲ್ಲಿ, ಜೊತೆಗೆ ಯಾರು ಇರುತ್ತಾರೆ ಅನ್ನುವುದನ್ನೂ ಬರೆಸಿಕೊಳ್ಳಿ.

ಪ್ಯಾಲಿಯೇಟಿವ್ ತಂಡ: ಜನ ಕಡೆಗೆ ಕೇಳುವುದು, ಮೊದಲೇ ಕೇಳಬೇಕಾದದ್ದು

ಪ್ಯಾಲಿಯೇಟಿವ್ ಅಂದ ಕೂಡಲೇ "ಇನ್ನೇನೂ ಉಳಿದಿಲ್ಲ" ಅಂತ ತಿಳಿಯುತ್ತಾರೆ. ಹಾಗಲ್ಲ. ನೋವು, ಉಸಿರಾಟದ ಕಷ್ಟ, ಹುಣ್ಣು, ಮಲಬದ್ಧತೆ, ನಿದ್ದೆ ಇಲ್ಲದಿರುವುದು, ಇವನ್ನೆಲ್ಲ ಹಿಡಿತಕ್ಕೆ ತರುವ ವೈದ್ಯಕೀಯ ಇದು. ಚಿಕಿತ್ಸೆ ನಡೆಯುತ್ತಿರುವಾಗಲೂ ಪಡೆಯಬಹುದು. ಕ್ಯಾನ್ಸರ್‌ಗೆ ಮಾತ್ರವೂ ಅಲ್ಲ. ಕಿಡ್ನಿ ಕೈಕೊಟ್ಟವರು, ಲಕ್ವ ಹೊಡೆದವರು, ಪಾರ್ಕಿನ್ಸನ್ಸ್ ಮುಂದುವರಿದವರು, ಎಲ್ಲರಿಗೂ ಉಪಯೋಗ. ಆದರೆ ಕೆಲವು ಸಂಸ್ಥೆಗಳು ಕ್ಯಾನ್ಸರ್ ರೋಗಿಗಳನ್ನಷ್ಟೇ ತೆಗೆದುಕೊಳ್ಳುತ್ತವೆ. ಕೇಳಿಕೊಂಡು ಹೋಗಿ.

ನೋಡಿಕೊಳ್ಳುವವರ ಲೆಕ್ಕದಲ್ಲಿ ಈ ಪಟ್ಟಿಯಲ್ಲಿ ಅತಿ ಹೆಚ್ಚು ಲಾಭ ಇರುವುದು ಇದರಲ್ಲೇ ಅಂತ ನನ್ನ ಅಭಿಪ್ರಾಯ. ಮನೆಗೆ ಬರುವ ನರ್ಸ್ ರೋಗಿಯನ್ನು ನೋಡಿ ಹೋಗುವುದಷ್ಟೇ ಅಲ್ಲ, ನಿಮಗೆ ಕಲಿಸುತ್ತಾರೆ. ಮಗ್ಗುಲು ಹೇಗೆ ಬದಲಿಸಬೇಕು, ಹುಣ್ಣಿಗೆ ಡ್ರೆಸ್ಸಿಂಗ್ ಹೇಗೆ, ನೋವಿನ ಔಷಧಿಯನ್ನು ನೋವು ಬರುವ ಮೊದಲೇ ಹೊತ್ತು ಹೊತ್ತಿಗೆ ಯಾಕೆ ಕೊಡಬೇಕು ಅಂತ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಕರೆಯಬೇಕಾ ಬೇಡವಾ ಅನ್ನುವ ಭಯ ಇದರಿಂದ ಬಹಳ ಕಮ್ಮಿಯಾಗುತ್ತದೆ. ತಂಡದಲ್ಲಿ ಕೌನ್ಸೆಲರ್ ಇದ್ದರೆ ನಿಮ್ಮ ಜೊತೆಗೂ ಕೂತು ಮಾತಾಡುತ್ತಾರೆ.

ಬೆಂಗಳೂರಿನಲ್ಲಿ ಮಾರತಹಳ್ಳಿಯ ಕರುಣಾಶ್ರಯ ಇದೆ. ಮುಂದುವರಿದ ಕ್ಯಾನ್ಸರ್ ಇರುವವರಿಗೆ ಪೂರ್ತಿ ಉಚಿತ. ಅಲ್ಲೇ ಇರಿಸಿಕೊಂಡು ನೋಡುತ್ತಾರೆ, ನಗರದೊಳಗೆ ಮನೆಗೂ ಬರುತ್ತಾರೆ. ಕಿದ್ವಾಯಿ, ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ವಿಭಾಗಗಳಿವೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕೆಲಸ ಮಾಡುತ್ತಿದೆ. ಗಡಿಯಾಚೆ ಕಾಸರಗೋಡು, ಮಂಜೇಶ್ವರದ ಕನ್ನಡಿಗರ ಅದೃಷ್ಟ ಚೆನ್ನಾಗಿದೆ. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿ ಪಂಚಾಯಿತಿಗಳ ಕೈಗೆ ಕೊಟ್ಟಿತು. ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ "ಆಶ್ವಾಸಕಿರಣಂ" ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದ್ದಾರೆ. ಮೊತ್ತ ಸಣ್ಣದು. ಆದರೆ ಅದು ರೋಗಿಯ ಹೆಸರಿನದಲ್ಲ, ನೋಡಿಕೊಳ್ಳುವವರಿಗೇ ಅಂತ ಇಟ್ಟದ್ದು.

ಇದರ ಮಿತಿಯೂ ಗೊತ್ತಿರಲಿ. ತಂಡ ಬರುವುದು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ. ದಿನನಿತ್ಯದ ಕೈ ಅವರಿಂದ ಸಿಗುವುದಿಲ್ಲ. ಇಷ್ಟು ಕಿಲೋಮೀಟರ್ ಒಳಗೆ ಮಾತ್ರ ಅಂತ ಗಡಿಯೂ ಇರುತ್ತದೆ.

ಸರ್ಕಾರದ ಕಡೆಯಿಂದ

ದುಡ್ಡು ಕಮ್ಮಿ, ಓಡಾಟ ಜಾಸ್ತಿ. ಆದರೂ ಬಿಡಬೇಡಿ.

ಹಳ್ಳಿಯಲ್ಲಿ ಇದ್ದರೆ ಮೊದಲು ಹುಡುಕಬೇಕಾದವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರೇ ಬಹುಪಾಲು ಅಂಗವಿಕಲರಾಗಿದ್ದು, ಯಾವ ಕಚೇರಿಯಲ್ಲಿ ಯಾವ ಕಾಗದ ಅಂತ ಇವರಿಗೆ ಗೊತ್ತಿರುತ್ತದೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನ, ಗಾಲಿಕುರ್ಚಿ, ಎಲ್ಲದಕ್ಕೂ ಅವರೇ ದಾರಿ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಅಂತ ಪ್ರಮಾಣಪತ್ರ ಇದ್ದರೆ ಬಾಗಿಲುಗಳು ತೆರೆಯುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ಸ್, ಮಾನಸಿಕ ಕಾಯಿಲೆಯೂ ಇವೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಹೇಳಿತ್ತು. ಅಂಗವಿಕಲರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಈ ಹಣದ ಬಗ್ಗೆಯೇ ಕೇಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ "ನಿರಾಮಯ" ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿ ಖರ್ಚೂ ಇದರಲ್ಲಿ ಸೇರುತ್ತದೆ. 18 ದಾಟಿದ ಇಂಥ ಮಕ್ಕಳಿಗೆ ಕಾನೂನಿನ ಪೋಷಕರು ಯಾರು ಅಂತ ಗೊತ್ತುಮಾಡುವುದೂ ಇದೇ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಯಲ್ಲಿ.

ಕಾಯಿಲೆ ಪತ್ತೆಗೆ, ಸಲಹೆಗೆ: 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಶುರುಮಾಡಿದ ಮೆದುಳು ಆರೋಗ್ಯ ಕ್ಲಿನಿಕ್‌ಗಳು. ಮೊದಲು ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಂದವು, ಆಮೇಲೆ ಬೇರೆ ಜಿಲ್ಲೆಗಳಿಗೂ. ಮಾನಸಿಕ ಕಾಯಿಲೆಗೆ "ಮನೋಚೈತನ್ಯ" ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಬೆಂಗಳೂರಿನವರೆಗೆ ಬಸ್ ಹತ್ತುವ ಮೊದಲು ಇದನ್ನು ವಿಚಾರಿಸಿ.

ಫೋನ್ ಸಹಾಯವಾಣಿಗಳಲ್ಲಿ ಎರಡು ನೆನಪಿಟ್ಟುಕೊಂಡರೆ ಸಾಕು. ಹಿರಿಯರ ವಿಷಯ ಏನೇ ಇದ್ದರೂ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ವೃದ್ಧಾಶ್ರಮ, ಪಿಂಚಣಿ, ಕಿರುಕುಳ ಎಲ್ಲಕ್ಕೂ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416, ಹಗಲು ರಾತ್ರಿ. ಇದು ರೋಗಿಗೆ ಮಾತ್ರ ಅಂತ ತಿಳಿಯಬೇಡಿ. ನಿಮಗೆ ನಿದ್ದೆ ಬರುತ್ತಿಲ್ಲ, ರೋಗಿಯ ಮೇಲೆ ಕೈ ಎತ್ತಿಬಿಡುತ್ತೇನೇನೋ ಅಂತ ಹೆದರಿಕೆ ಆಗುತ್ತಿದೆ ಅಂದರೆ ನೀವೇ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣ-ತಮ್ಮಂದಿರು ಕೈತೊಳೆದುಕೊಂಡಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ತಂದೆ ಅಥವಾ ತಾಯಿ ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಅರ್ಜಿ ಅವರ ಹೆಸರಿನಲ್ಲೇ ಆಗಬೇಕು, ನಿಮ್ಮ ಹೆಸರಿನಲ್ಲಿ ಅಲ್ಲ. ಸಂಬಂಧ ಕೆಡುವುದಂತೂ ಖಂಡಿತ. ಹಾಗಾಗಿ ನಾನು ಇದನ್ನು ಕೊನೆಗೆ ಇಡುತ್ತೇನೆ. ಆದರೆ ಇದೆ ಅಂತ ಗೊತ್ತಿದ್ದರೆ ಮನೆಯ ಮಾತುಕತೆಯ ಧಾಟಿ ಬದಲಾಗುತ್ತದೆ.

ನಿಮ್ಮಂಥವರ ಗುಂಪು

ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಕೂತು ಗೋಳು ಹೇಳಿಕೊಳ್ಳೋದು ತಾನೇ?" ಅನ್ನುತ್ತಾರೆ. ಅಲ್ಲಿ ಗೋಳಿಗಿಂತ ಉಪಾಯಗಳೇ ಜಾಸ್ತಿ ಸಿಗುತ್ತವೆ. ಯಾವ ಏಜೆನ್ಸಿ ಮುಂಗಡ ನುಂಗುತ್ತದೆ, ಸ್ನಾನ ಬೇಡ ಅನ್ನುವ ಅಜ್ಜನನ್ನು ಹೇಗೆ ಒಪ್ಪಿಸುವುದು, ಯಾವ ಡಾಕ್ಟರು ಮನೆಯವರ ಮಾತನ್ನೂ ಕೇಳುತ್ತಾರೆ. ಇವು ಯಾವ ಕರಪತ್ರದಲ್ಲೂ ಇರುವುದಿಲ್ಲ.

ಮರೆವಿನ ಕಾಯಿಲೆಗೆ ಎಆರ್‌ಡಿಎಸ್‌ಐನ (ಅಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ) ಬೆಂಗಳೂರು ಶಾಖೆ, ಡಿಮೆನ್ಷಿಯಾ ಇಂಡಿಯಾ ಅಲಯನ್ಸ್ ಇವೆ. ಬುದ್ಧಿಮಾಂದ್ಯತೆ ಇರುವ ಮಕ್ಕಳ ತಂದೆತಾಯಂದಿರ ಸಂಘಗಳೆಲ್ಲ ಸೇರಿದ ಒಕ್ಕೂಟ "ಪರಿವಾರ್" 1995ರಿಂದ ಇದೆ. ಮಾನಸಿಕ ಕಾಯಿಲೆ ಇರುವವರ ಮನೆಯವರೇ ಬೆಂಗಳೂರಿನಲ್ಲಿ ಕಟ್ಟಿದ ಗುಂಪು "ಅಮೆಂಡ್". ಬೆನ್ನುಹುರಿ ಪೆಟ್ಟು, ದೈಹಿಕ ಅಂಗವೈಕಲ್ಯ ಇದ್ದರೆ 1959ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯನ್ನು ಕೇಳಿ. ಮನೆ ಬಿಟ್ಟು ಬರಲಾಗದವರು ಆನ್‌ಲೈನ್ ಭೇಟಿ ಇದೆಯಾ ಅಂತ ವಿಚಾರಿಸಿ. ಒಂದು ಎಚ್ಚರಿಕೆ: ಗುಂಪಿನಲ್ಲಿ ಯಾರಾದರೂ ಎಣ್ಣೆಯನ್ನೋ ಪುಡಿಯನ್ನೋ ಮಾರಲು ಶುರುಮಾಡಿದರೆ ಅಲ್ಲಿಂದ ಎದ್ದುಬನ್ನಿ.

ಹಾಗಾದರೆ ನಾನು ಯಾವುದು ಆರಿಸಲಿ?

ಕೈಯಲ್ಲಿ ದುಡ್ಡೇ ಇಲ್ಲ ಅಂದರೆ: ಹಳ್ಳಿಯಲ್ಲಿ ವಿಆರ್‌ಡಬ್ಲ್ಯೂ, ಹತ್ತಿರ ಇದ್ದರೆ ಪ್ಯಾಲಿಯೇಟಿವ್ ತಂಡ, ಒಂದು ಗುಂಪು. ಕೈ ಸಿಗುವುದಿಲ್ಲ, ಆದರೆ ತಿಳಿವಳಿಕೆ, ಮಾತು, ಸ್ವಲ್ಪ ಮಾಸಾಶನ ಸಿಗುತ್ತದೆ.

ತಿಂಗಳಿಗೆ ಏಳೆಂಟು ಸಾವಿರ ಹೊಂದಿಸಬಹುದು ಅಂದರೆ ಮೇಲಿನದರ ಜೊತೆಗೆ ಬೆಳಗಿನ ಹೊತ್ತಿಗೆ ಒಬ್ಬರು. ರೋಗಿ ನಡೆದಾಡುವವರಾದರೆ, ಆಕೆಯ ಬದಲು ವಾರದಲ್ಲಿ ಕೆಲವು ದಿನ ಡೇ ಕೇರ್. ಮೂವತ್ತು ಸಾವಿರದ ಮೇಲೆ ಹಾಕಬಲ್ಲವರು ಸೀದಾ 24 ಗಂಟೆಯ ಹೋಮ್ ನರ್ಸ್‌ಗೆ ಹೋಗುತ್ತಾರೆ. ನನಗೆ ಕೇಳಿದರೆ ಅದೇ ಹಣದಲ್ಲಿ ಒಂದು ಪಾಳಿಯ ಸಹಾಯಕಿ, ವಾರಕ್ಕೊಮ್ಮೆ ನರ್ಸ್, ಉಳಿದದ್ದನ್ನು ವರ್ಷಕ್ಕೆ ಎರಡು ಸಲದ ರೆಸ್ಪೈಟ್‌ಗೆ ಅಂತ ತೆಗೆದಿಡುವುದು ಒಳ್ಳೆಯದು. ಮನೆಯಲ್ಲಿ ಜಾಗ ಇಲ್ಲದವರು, ಒಬ್ಬಂಟಿಯಾಗಿ ನೋಡಿಕೊಳ್ಳುವವರು, ತಾವೇ ಎಪ್ಪತ್ತರ ಮೇಲಿದ್ದು ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುವವರು ಮಾತ್ರ ಪೂರ್ತಿ ವಾಸದ ಕೇಂದ್ರವನ್ನು ತಡ ಮಾಡದೇ ಯೋಚಿಸಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಸ್ಕಿಜೋಫ್ರೇನಿಯಾ ಇರುವ ತಮ್ಮನ ವಿಷಯ ಬೇರೆ. ಅಲ್ಲಿ ಹೋಮ್ ನರ್ಸ್ ಹೆಚ್ಚಾಗಿ ದುಡ್ಡು ದಂಡ. ಮನೋವೈದ್ಯರ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದು, ಡೇ ಕೇರ್, ಮನೆಯವರ ಗುಂಪು, ಈ ಮೂರರ ಮೇಲೆ ಹಾಕಿ. ಅಪ್ಪ-ಅಮ್ಮ ಇರುವಾಗಲೇ ಅಂಗವೈಕಲ್ಯದ ಪ್ರಮಾಣಪತ್ರ, ಮನೆಯ ಹಕ್ಕಿನ ವಿಲ್ಲು ಮುಗಿಸಿ.

ವಿದೇಶದಲ್ಲಿ ಇರುವ ಮಕ್ಕಳಿಗೂ ಒಂದು ಮಾತು. "ಎಷ್ಟು ಬೇಕು ಹೇಳು, ಕಳಿಸ್ತೀನಿ" ಅನ್ನುವುದರ ಜೊತೆಗೆ ಒಂದು ಕೆಲಸವನ್ನು ಪೂರ್ತಿ ನಿಮ್ಮದೇ ಮಾಡಿಕೊಳ್ಳಿ. ಏಜೆನ್ಸಿಯ ಜೊತೆ ಮಾತು, ಯುಡಿಐಡಿಯ ಆನ್‌ಲೈನ್ ಅರ್ಜಿ, ವಿಮೆಯ ಕಾಗದ, ಇವನ್ನೆಲ್ಲ ನ್ಯೂಜೆರ್ಸಿಯಿಂದಲೂ ದುಬೈಯಿಂದಲೂ ಮಾಡಬಹುದು. ರಜಕ್ಕೆ ಬಂದಾಗ ಅಮ್ಮನನ್ನು ನೋಡಿಕೊಳ್ಳುವ ಅಕ್ಕನನ್ನು ಮೊದಲು ಊರಿಗೆ ಕಳಿಸಿ. ಅಪ್ಪನಿಗೆ ಮರೆವು ಈಗಷ್ಟೇ ಶುರು ಅಂದರೆ ಬ್ಯಾಂಕಿನ ಜಂಟಿ ಖಾತೆ, ನಾಮಿನಿ ಇವನ್ನು ಈ ಸಲದ ರಜದಲ್ಲೇ ಮುಗಿಸಿ. ಅವರಿಗೆ ತಿಳಿವಳಿಕೆ ಪೂರ್ತಿ ಹೋದ ಮೇಲೆ, ಮೊದಲು ಬರೆಸಿದ ಪವರ್ ಆಫ್ ಅಟಾರ್ನಿಯೂ ನಿಲ್ಲುವುದಿಲ್ಲ.

ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ಕಾಯಿಲೆಯ ಹೆಸರು, ಈಗಿನ ಔಷಧಿಗಳು, ತೂಕ, ತಾವಾಗಿ ನಡೆಯುತ್ತಾರಾ, ನುಂಗುತ್ತಾರಾ, ರಾತ್ರಿ ಏಳುತ್ತಾರಾ, ಯಾವ ಭಾಷೆ. ಯಾವ ಸಂಸ್ಥೆಯವರೂ ಮೊದಲು ಕೇಳುವುದು ಇವನ್ನೇ. ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಹೇಳಿ, ಕೆಲವು ಕಡೆ ದರ ಇಳಿಯುತ್ತದೆ. ಈ ವಾರ ಎರಡೇ ಫೋನ್ ಮಾಡಲು ಆಗುವುದಾದರೆ ಮೊದಲನೆಯದು ಹತ್ತಿರದ ಪ್ಯಾಲಿಯೇಟಿವ್ ಅಥವಾ ಜಿಲ್ಲಾ ಆಸ್ಪತ್ರೆಯ ವಿಭಾಗಕ್ಕೆ, ಎರಡನೆಯದು ನಿಮ್ಮ ಕಾಯಿಲೆಯ ಗುಂಪಿಗೆ. ಏಜೆನ್ಸಿಗೆ ಆಮೇಲೆ ಮಾಡಿ. ಯಾವ ಏಜೆನ್ಸಿ ಅನ್ನುವುದನ್ನು ಆ ಗುಂಪಿನವರೇ ಹೇಳುತ್ತಾರೆ.